ಯಾವ ಪಕ್ಷಕ್ಕೆ ಮತ ಹಾಕಲಿ ಅಂತ ಹೇಳುವ ಕ್ವಿಜ್‌ಗಳು: ಯಾವುದನ್ನು ಆರಿಸಬೇಕು, ಎಷ್ಟು ನಂಬಬೇಕು

ಅಕ್ಕನ ಮಗಳು ಈ ಸಲ ಮೊದಲ ಬಾರಿಗೆ ಮತ ಹಾಕುತ್ತಾಳೆ. ಮೊನ್ನೆ ಸಂಜೆ ಫೋನ್ ಹಿಡಿದುಕೊಂಡು ಬಂದು, "ಚಿಕ್ಕಮ್ಮ, ನನಗೂ ಈ ಪಕ್ಷಕ್ಕೂ ಶೇ 74 ಹೊಂದಾಣಿಕೆ ಇದೆಯಂತೆ. ಇದಕ್ಕೇ ಹಾಕಿಬಿಡಲಾ?" ಅಂತ ಕೇಳಿದಳು. ಮೂವತ್ತು ಪ್ರಶ್ನೆಗಳ ಕ್ವಿಜ್ ಅದು. ನಾಲ್ಕೇ ನಿಮಿಷದಲ್ಲಿ ಮುಗಿಸಿದ್ದಳು. ಇನ್ನೊಂದು ಕ್ವಿಜ್ ಮಾಡಿ ನೋಡು ಅಂದೆ. ಅದರಲ್ಲಿ ಅದೇ ಪಕ್ಷ ಮೂರನೇ ಸ್ಥಾನದಲ್ಲಿತ್ತು.

ಹತ್ತು ನಿಮಿಷದಲ್ಲಿ ಅವಳ ಅಭಿಪ್ರಾಯವೇನೂ ಬದಲಾಗಿರಲಿಲ್ಲ. ಪ್ರಶ್ನೆಗಳು ಬೇರೆ ಇದ್ದವು. ಲೆಕ್ಕ ಹಾಕುವ ರೀತಿ ಬೇರೆ ಇತ್ತು. ಪಕ್ಷಗಳ ನಿಲುವು ಇಂಥದ್ದು ಅಂತ ಬರೆದವರೂ ಬೇರೆ.

ಹಾಗಂತ ಈ ಕ್ವಿಜ್‌ಗಳನ್ನು ಮುಟ್ಟಲೇಬೇಡಿ ಅಂತ ನಾನು ಹೇಳುವುದಿಲ್ಲ. ಒಳ್ಳೆಯ ಕ್ವಿಜ್ ಅರ್ಧ ಗಂಟೆಯಲ್ಲಿ ಕೊಡುವ ತಿಳಿವಳಿಕೆಯನ್ನು ಟಿವಿ ಚರ್ಚೆ ಒಂದು ವಾರದಲ್ಲೂ ಕೊಡುವುದಿಲ್ಲ. ಆದರೆ ಕೊನೆಯಲ್ಲಿ ಬರುವ ಆ ಶೇಕಡಾವಾರು ಇದೆಯಲ್ಲ, ಇಡೀ ಕ್ವಿಜ್‌ನಲ್ಲಿ ಎಲ್ಲಕ್ಕಿಂತ ಕಡಿಮೆ ಉಪಯೋಗಕ್ಕೆ ಬರುವುದು ಅದೇ. ಯಾವ ಪ್ರಶ್ನೆಗೆ ಉತ್ತರ ಹೇಳಲಾಗದೆ ನಿಂತಿರಿ ಅನ್ನುವುದರಲ್ಲೇ ನಿಮಗೆ ಬೇಕಾದದ್ದು ಜಾಸ್ತಿ ಇರುತ್ತದೆ. ಆ ಪ್ರಶ್ನೆಗಳಿಗೆ ಉತ್ತರ ಹುಡುಕಲು ಯಾವ ಕ್ವಿಜ್ ನೆರವಾಗುತ್ತದೆ? ಆರಿಸುವಾಗ ನಾನು ನೋಡುವುದು ಇದನ್ನೇ.

ಪಕ್ಷಗಳೇ ಉತ್ತರ ಕೊಡುವ ಕ್ವಿಜ್‌ಗಳು

ಇದು ಎಲ್ಲಕ್ಕಿಂತ ಹಳೆಯ ಬಗೆ. ನೆದರ್ಲೆಂಡ್ಸ್‌ನಲ್ಲಿ 1989ರಲ್ಲಿ ಸ್ಟೆಮ್‌ವೈಜರ್ ಅನ್ನುವುದು ಶುರುವಾದಾಗ ಅದು ಕಾಗದದ ಮೇಲಿತ್ತು. ಶಾಲಾ ಮಕ್ಕಳಿಗೆ ಪಕ್ಷಗಳ ವ್ಯತ್ಯಾಸ ತಿಳಿಸುವುದು ಅದರ ಉದ್ದೇಶವಾಗಿತ್ತು. 1998ರಲ್ಲಿ ಇಂಟರ್ನೆಟ್‌ಗೆ ಬಂತು. ಅದನ್ನೇ ಮಾದರಿ ಮಾಡಿಕೊಂಡು ಜರ್ಮನಿಯಲ್ಲಿ 2002ರಲ್ಲಿ ವಾಲ್-ಓ-ಮಾಟ್ ಹುಟ್ಟಿತು. ಅದನ್ನು ನಡೆಸುವುದು ಅಲ್ಲಿನ ನಾಗರಿಕ ಶಿಕ್ಷಣದ ಸರ್ಕಾರಿ ಸಂಸ್ಥೆ. ಮೊದಲ ವರ್ಷ ಸುಮಾರು 36 ಲಕ್ಷ ಸಲ ಬಳಕೆಯಾಗಿದ್ದ ಅದು 2021ರ ಸಂಸತ್ ಚುನಾವಣೆಯಲ್ಲಿ 2 ಕೋಟಿ 10 ಲಕ್ಷಕ್ಕೂ ಹೆಚ್ಚು ಸಲ ಬಳಕೆಯಾಯಿತು.

ಅದು ನಡೆಯುವುದು ಹೀಗೆ. ಯುವ ಮತದಾರರ ಒಂದು ತಂಡ ರಾಜಕೀಯಶಾಸ್ತ್ರಜ್ಞರ ಜೊತೆ ಕೂತು, ಬೇಕಾದದ್ದಕ್ಕಿಂತ ಎಷ್ಟೋ ಹೆಚ್ಚು ಹೇಳಿಕೆಗಳನ್ನು ಬರೆಯುತ್ತದೆ. ಅವೆಲ್ಲ ಪಕ್ಷಗಳಿಗೆ ಹೋಗುತ್ತವೆ. ಪ್ರತಿ ಹೇಳಿಕೆಗೂ ಪಕ್ಷ "ಒಪ್ಪುತ್ತೇವೆ", "ತಟಸ್ಥ", "ಒಪ್ಪುವುದಿಲ್ಲ" ಅಂತ ಉತ್ತರಿಸಿ, ಯಾಕೆ ಅಂತ ನಾಲ್ಕು ಸಾಲು ಬರೆದುಕೊಡುತ್ತದೆ. ಎಲ್ಲ ಪಕ್ಷಗಳೂ ಒಂದೇ ಉತ್ತರ ಕೊಟ್ಟ ಹೇಳಿಕೆಗಳಿಂದ ನಮಗೆ ಉಪಯೋಗವಿಲ್ಲ, ಅಲ್ವಾ? ವ್ಯತ್ಯಾಸ ಎದ್ದು ಕಾಣುವಂಥ 38 ಹೇಳಿಕೆಗಳನ್ನು ಮಾತ್ರ ಉಳಿಸಿಕೊಳ್ಳುತ್ತಾರೆ.

ಆ ನಾಲ್ಕು ಸಾಲುಗಳಿವೆಯಲ್ಲ, ಈ ಬಗೆಯ ನಿಜವಾದ ಆಸ್ತಿ ಅವು. ಪಕ್ಷ ತನ್ನ ಬಾಯಿಂದಲೇ ಹೇಳಿದ್ದು, ಬರಹದಲ್ಲಿ ಇರುತ್ತದೆ. ನಾಳೆ "ನಾವು ಹಾಗೆ ಹೇಳಿರಲೇ ಇಲ್ಲ" ಅನ್ನಲು ಬರುವುದಿಲ್ಲ. ಎರಡು ಪಕ್ಷಗಳು ಒಂದೇ ಹೇಳಿಕೆಗೆ "ಒಪ್ಪುತ್ತೇವೆ" ಅಂದಿರುತ್ತವೆ, ಆದರೆ ಕೊಟ್ಟ ಕಾರಣ ಒಂದಕ್ಕೊಂದು ಸಂಬಂಧವೇ ಇಲ್ಲದಂತಿರುತ್ತದೆ. ಅದನ್ನು ಓದಿದಾಗ ಯಾರ ಜೊತೆ ನೀವು ನಿಜವಾಗಿ ನಿಲ್ಲುತ್ತೀರಿ ಅನ್ನುವುದು ಗೊತ್ತಾಗುತ್ತದೆ.

ಕೊರತೆಯೂ ಇಲ್ಲೇ ಇದೆ. ಪಕ್ಷ ತನ್ನ ಬಗ್ಗೆ ತಾನೇ ಹೇಳಿಕೊಳ್ಳುತ್ತಿದೆ. ಜನಕ್ಕೆ ಹಿಡಿಸದ ನಿಲುವಿದ್ದರೆ "ತಟಸ್ಥ" ಅಂತ ಹಾಕಿ ಜಾರಿಕೊಳ್ಳಬಹುದು. ಹಾಗೆ ಜಾರಿಕೊಂಡ ಪಕ್ಷಕ್ಕೆ ಲೆಕ್ಕದಲ್ಲಿ ಲಾಭವೂ ಆಗಬಹುದು. ಅದು ಹೇಗೆ ಅಂತ ಮುಂದೆ ತೋರಿಸುತ್ತೇನೆ.

ಇನ್ನೊಂದು ಮಾತು. ಕ್ವಿಜ್‌ನ ಪರದೆ ಹೇಗಿದೆ ಅನ್ನುವುದೂ ಸಣ್ಣ ವಿಷಯವಲ್ಲ. 2019ರ ಯುರೋಪಿಯನ್ ಸಂಸತ್ ಚುನಾವಣೆಗೆ ಇನ್ನೂ ಒಂದು ವಾರವೂ ಇಲ್ಲದಿದ್ದಾಗ ವಾಲ್-ಓ-ಮಾಟ್ ಕೆಲವು ದಿನ ನಿಂತೇಹೋಯಿತು. ಉತ್ತರ ಕೊಟ್ಟ ಮೇಲೆ ಒಂದು ಸಲಕ್ಕೆ ಎಂಟು ಪಕ್ಷಗಳನ್ನು ಮಾತ್ರ ಹೋಲಿಸಬಹುದು ಅನ್ನುವ ವ್ಯವಸ್ಥೆ ಅಲ್ಲಿತ್ತು. ಜನ ಹೆಸರು ಕೇಳಿದ ದೊಡ್ಡ ಪಕ್ಷಗಳನ್ನೇ ಆರಿಸುತ್ತಾರೆ, ನಾವು ಕಣ್ಣಿಗೇ ಬೀಳುವುದಿಲ್ಲ ಅಂತ ವೋಲ್ಟ್ ಅನ್ನುವ ಸಣ್ಣ ಪಕ್ಷ ಕೋರ್ಟಿಗೆ ಹೋಯಿತು. ಕಲೋನ್‌ನ ಆಡಳಿತ ನ್ಯಾಯಾಲಯ ಅದರ ವಾದ ಒಪ್ಪಿತು. ಆಮೇಲೆ ರಾಜಿಯಾಗಿ, ಎಲ್ಲ ಪಕ್ಷಗಳನ್ನೂ ಒಟ್ಟಿಗೆ ಹೋಲಿಸುವ ಅವಕಾಶ ಬಂತು. ನೀವು ಬಳಸುವ ಕ್ವಿಜ್‌ನಲ್ಲಿ ನಿಮ್ಮ ಮತಪತ್ರದಲ್ಲಿರುವ ಎಲ್ಲ ಪಕ್ಷಗಳೂ ಇವೆಯೇ? ಶುರು ಮಾಡುವ ಮೊದಲೇ ನೋಡಿಬಿಡಿ. ಐದು ದೊಡ್ಡ ಪಕ್ಷಗಳಷ್ಟೇ ಇದ್ದರೆ, ಆರನೆಯದು ನಿಮಗೆ ಹೊಂದುತ್ತಿತ್ತೋ ಏನೋ ಅಂತ ಎಂದೂ ಗೊತ್ತಾಗುವುದಿಲ್ಲ.

ಸಂಶೋಧಕರು ನಿಲುವು ಗುರುತಿಸುವ ಕ್ವಿಜ್‌ಗಳು

ಪಕ್ಷದ ಮಾತನ್ನೇ ನಂಬುವ ಬದಲು, ಅದರ ಪ್ರಣಾಳಿಕೆ, ಭಾಷಣ, ಹೇಳಿಕೆಗಳನ್ನು ಓದಿ ಸಂಶೋಧಕರೇ ನಿಲುವು ನಿರ್ಧರಿಸುವ ಬಗೆ ಇದು. ನೆದರ್ಲೆಂಡ್ಸ್‌ನಲ್ಲಿ 2006ರಲ್ಲಿ ಬಂದ ಕೀಸ್‌ಕೊಂಪಾಸ್ ಇಂಥದ್ದು. ಕೆನಡಾದಲ್ಲಿ 2011ರಲ್ಲಿ ಶುರುವಾಗಿ 2013ರಲ್ಲಿ ಆಸ್ಟ್ರೇಲಿಯಾಕ್ಕೂ ಹೋದ ವೋಟ್ ಕಂಪಾಸ್ ಕೂಡ ಇಂಥದ್ದೇ. ಪಕ್ಷಗಳನ್ನೂ ಕೇಳುತ್ತಾರೆ. ಆದರೆ ಪಕ್ಷ ಹೇಳಿದ್ದಕ್ಕೂ ಅದರ ಪ್ರಣಾಳಿಕೆಯಲ್ಲಿ ಇರುವುದಕ್ಕೂ ತಾಳೆಯಾಗದಿದ್ದರೆ ಪುರಾವೆ ಕೇಳುತ್ತಾರೆ. ಜಾರಿಕೊಳ್ಳುವುದು ಕಷ್ಟ.

ಫಲಿತಾಂಶ ಸಾಮಾನ್ಯವಾಗಿ ಒಂದು ನಕ್ಷೆಯಲ್ಲಿ ಬರುತ್ತದೆ. ಅಡ್ಡಗೆರೆ ಆರ್ಥಿಕ ವಿಚಾರದಲ್ಲಿ ಎಡ-ಬಲ ತೋರಿಸುತ್ತದೆ. ಉದ್ದಗೆರೆ ಸಾಮಾಜಿಕ ವಿಚಾರದಲ್ಲಿ ಪ್ರಗತಿಪರ-ಸಂಪ್ರದಾಯವಾದಿ ತೋರಿಸುತ್ತದೆ. ನಿಮ್ಮದೊಂದು ಚುಕ್ಕೆ, ಪಕ್ಷಗಳ ಚುಕ್ಕೆಗಳು ಸುತ್ತಮುತ್ತ. ನೋಡಲು ಚೆನ್ನಾಗಿರುತ್ತದೆ, ಒಂದೇ ನೋಟಕ್ಕೆ ಅರ್ಥವಾಗುತ್ತದೆ.

ಆದರೆ ಮೂವತ್ತು ಉತ್ತರಗಳನ್ನು ಒಂದು ಚುಕ್ಕೆಯೊಳಗೆ ತುರುಕಿದಾಗ ಏನೋ ಕಳೆದುಹೋಗಲೇಬೇಕು. ನೀವು ಹತ್ತು ಪ್ರಶ್ನೆಗೆ ಬಲವಾಗಿ "ಹೌದು", ಹತ್ತು ಪ್ರಶ್ನೆಗೆ ಬಲವಾಗಿ "ಇಲ್ಲ" ಅಂದಿರಬಹುದು. ಒಂದನ್ನೊಂದು ಹೊಡೆದುಹಾಕಿ ನಿಮ್ಮ ಚುಕ್ಕೆ ನಡುವೆ ಬಂದು ಕೂರುತ್ತದೆ. ಎಲ್ಲದಕ್ಕೂ "ಗೊತ್ತಿಲ್ಲ, ಹೇಗಾದರೂ ಸರಿ" ಅಂದವರ ಚುಕ್ಕೆಯೂ ಅಲ್ಲೇ ಇರುತ್ತದೆ. ಅವರಿಗೂ ನಿಮಗೂ ಏನು ಹೋಲಿಕೆ? ಕೆನಡಾದಲ್ಲಿ ವೋಟ್ ಕಂಪಾಸ್ ಬಂದ ಹೊಸತರಲ್ಲಿ, ಎಲ್ಲ ಪ್ರಶ್ನೆಗೂ ಒಂದೇ ಉತ್ತರ ಒತ್ತುತ್ತಾ ಹೋದರೂ ಲಿಬರಲ್ ಪಕ್ಷವೇ ಬರುತ್ತದೆ ಅಂತ ದೊಡ್ಡ ಗಲಾಟೆಯಾಗಿತ್ತು. ಮಧ್ಯದಲ್ಲಿ ಕೂತ ಪಕ್ಷಕ್ಕೆ ಇಂಥ ಅನುಕೂಲ ಸಿಕ್ಕಿಬಿಡುವುದುಂಟು. ನಿಮ್ಮ ಚುಕ್ಕೆ ನಕ್ಷೆಯ ನಡುವೆ ಬಂದಿದ್ದರೆ ನಕ್ಷೆ ಬಿಟ್ಟು ಪ್ರಶ್ನೆವಾರು ಹೋಲಿಕೆ ತೆರೆದು ನೋಡಿ.

ಅಭ್ಯರ್ಥಿಗಳನ್ನು ಹೋಲಿಸುವ ಕ್ವಿಜ್‌ಗಳು

ಸ್ವಿಟ್ಜರ್ಲೆಂಡ್‌ನ ಸ್ಮಾರ್ಟ್‌ವೋಟ್ 2003ರಿಂದ ಇದೆ. ಅಲ್ಲಿ ಅಭ್ಯರ್ಥಿಗಳೇ ಪ್ರಶ್ನೆಗಳಿಗೆ ಉತ್ತರಿಸುತ್ತಾರೆ. ಮತದಾರ ಬೇರೆ ಬೇರೆ ಪಕ್ಷಗಳ ಹೆಸರುಗಳನ್ನು ಒಂದೇ ಮತಪತ್ರದಲ್ಲಿ ಸೇರಿಸಬಹುದಾದ ದೇಶ ಅದು. ಅಲ್ಲಿ ಪಕ್ಷದ ಹೊಂದಾಣಿಕೆಯೊಂದೇ ಸಾಲದು. ಫಿನ್‌ಲೆಂಡ್‌ನಲ್ಲೂ ಮತ ಬೀಳುವುದು ವ್ಯಕ್ತಿಗೆ. ಅಲ್ಲಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಯ್ಲೆ 1996ರಿಂದಲೇ ಇಂಥ ಚುನಾವಣಾ ಯಂತ್ರ ನಡೆಸುತ್ತಿದೆ.

ಸ್ಮಾರ್ಟ್‌ವೋಟ್‌ನಲ್ಲಿ ನನಗೆ ಮೆಚ್ಚುಗೆಯಾದದ್ದು ಎರಡು. ಅಲ್ಲಿ "ತಟಸ್ಥ" ಅನ್ನುವ ಆಯ್ಕೆ ಇಲ್ಲ. ಹೌದು, ಬಹುಶಃ ಹೌದು, ಬಹುಶಃ ಇಲ್ಲ, ಇಲ್ಲ, ಇಷ್ಟೇ. ಗೊತ್ತಿಲ್ಲದಿದ್ದರೆ ಪ್ರಶ್ನೆ ಬಿಟ್ಟು ಮುಂದೆ ಹೋಗಬಹುದು. ಎರಡನೆಯದು ಅದರ ಜೇಡರ ಬಲೆಯಂಥ ಚಿತ್ರ. ಎಂಟು ಎಳೆಗಳು, ಒಂದೊಂದು ಎಳೆ ಒಂದೊಂದು ವಿಷಯಕ್ಕೆ. ಪರಿಸರದ ವಿಚಾರದಲ್ಲಿ ಹತ್ತಿರ ಇರುವ ಅಭ್ಯರ್ಥಿ ಖರ್ಚು-ವೆಚ್ಚದ ವಿಚಾರದಲ್ಲಿ ಎಷ್ಟು ದೂರ ಅಂತ ಬಲೆಯ ಆಕಾರದಲ್ಲೇ ಕಾಣುತ್ತದೆ. ಒಂದು ಚುಕ್ಕೆಗಿಂತ ಇದು ಎಷ್ಟೋ ಮೇಲು.

ಗೆದ್ದ ಮೇಲೆ ಅವರು ಹೇಳಿದಂತೆ ನಡೆದುಕೊಳ್ಳುತ್ತಾರಾ? ಸ್ವಿಸ್ ಸಂಶೋಧಕರು ಸಂಸದರು ಚುನಾವಣೆಗೆ ಮುಂಚೆ ಕೊಟ್ಟ ಉತ್ತರಗಳನ್ನು ಆಮೇಲೆ ಸಂಸತ್ತಿನಲ್ಲಿ ಹಾಕಿದ ಮತಗಳ ಜೊತೆ ಇಟ್ಟು ನೋಡಿದ್ದಾರೆ. ಬಹುಪಾಲು ತಾಳೆಯಾಗಿವೆ. ಆದರೆ ಪಕ್ಷದ ಸಚೇತಕರ ಆಜ್ಞೆ ಮೀರಿ ಮತ ಹಾಕುವಂತಿಲ್ಲ ಅನ್ನುವ ಕಡೆಗಳಲ್ಲಿ ಅಭ್ಯರ್ಥಿಯ ಸ್ವಂತ ಅಭಿಪ್ರಾಯಕ್ಕೆ ಅಷ್ಟು ತೂಕವಿಲ್ಲ. ಅಂಥ ಕಡೆ ಪಕ್ಷದ ಕ್ವಿಜ್ಜೇ ಸಾಕು.

ಇನ್ನಷ್ಟು ಬಗೆಗಳು

ಪಕ್ಷಗಳ ಹೆಸರು ಮುಚ್ಚಿಟ್ಟು ನೀತಿಗಳನ್ನಷ್ಟೇ ತೋರಿಸುವ ಕ್ವಿಜ್‌ಗಳೂ ಇವೆ. ಬ್ರಿಟನ್‌ನ ವೋಟ್ ಫಾರ್ ಪಾಲಿಸೀಸ್ ಹೀಗೆ ಮಾಡಿತು. ಆರೋಗ್ಯ, ಶಿಕ್ಷಣ, ಅಪರಾಧ ಅಂತ ವಿಷಯವಾರು ಪ್ರಣಾಳಿಕೆಯ ಮಾತುಗಳನ್ನು ಹೆಸರಿಲ್ಲದೆ ಓದಿ ಒಂದನ್ನು ಆರಿಸಬೇಕು. ಮನೆಮಂದಿಯೆಲ್ಲ ತಲೆಮಾರಿನಿಂದ ಒಂದೇ ಪಕ್ಷಕ್ಕೆ ಹಾಕುತ್ತಾ ಬಂದಿದ್ದರೆ ಇದನ್ನು ಒಮ್ಮೆ ಮಾಡಿ. ಹೆಸರು ಕಾಣದಿದ್ದಾಗ ಮನಸ್ಸು ಎತ್ತ ಹೋಗುತ್ತದೆ ಅಂತ ನಿಮಗೇ ತಿಳಿಯುತ್ತದೆ. ಓದುವುದು ಜಾಸ್ತಿ, ತಾಳ್ಮೆ ಬೇಕು.

ಅಧಿಕಾರದಲ್ಲಿದ್ದ ಪಕ್ಷಗಳ ನಡುವೆ ಆರಿಸುವುದಾದರೆ, ಅವು ಹಿಂದೆ ಸದನದಲ್ಲಿ ಹೇಗೆ ಮತ ಹಾಕಿದವು ಅನ್ನುವುದರ ಮೇಲೆ ನಿಂತ ಸಾಧನಗಳು ಬಹಳ ಒಳ್ಳೆಯವು. ಬ್ರಿಟನ್‌ನಲ್ಲಿ ದೇ ವರ್ಕ್ ಫಾರ್ ಯೂ ಅನ್ನುವ ತಾಣ ಪ್ರತಿ ಸಂಸದರ ಮತದ ದಾಖಲೆಯನ್ನು ವಿಷಯವಾರು ಕೊಡುತ್ತದೆ. ಅದು ಕ್ವಿಜ್ ಅಲ್ಲ, ಆದರೆ ಕ್ವಿಜ್ ಮಾಡಿದ ಮೇಲೆ ನೋಡಬೇಕಾದ ಮೊದಲ ಜಾಗ. ಹೊಸ ಪಕ್ಷಕ್ಕೆ ಇಂಥ ದಾಖಲೆ ಇರುವುದಿಲ್ಲ ಅನ್ನುವುದಷ್ಟೇ ತೊಂದರೆ.

2001ರಲ್ಲಿ ಬಂದ ಪೊಲಿಟಿಕಲ್ ಕಂಪಾಸ್ ಬಗ್ಗೆ ತುಂಬಾ ಜನ ಕೇಳುತ್ತಾರೆ. 62 ಹೇಳಿಕೆಗಳು, ನಾಲ್ಕು ಆಯ್ಕೆ, ಕೊನೆಗೆ ನಾಲ್ಕು ಬಣ್ಣದ ಚೌಕದಲ್ಲಿ ನಿಮ್ಮ ಚುಕ್ಕೆ. ಅದು ನಿಮ್ಮ ವಿಚಾರಧಾರೆಯನ್ನು ಹೇಳುತ್ತದೆ. ಈ ಚುನಾವಣೆಯಲ್ಲಿ ನಿಂತ ಪಕ್ಷಗಳ ನೀತಿಗೆ ಇಟ್ಟು ನೋಡುವುದಿಲ್ಲ. ಮತ ಯಾರಿಗೆ ಅಂತ ತೀರ್ಮಾನಿಸಲು ಅದನ್ನು ಬಳಸಬೇಡಿ.

ಮಾಡಲೇಬಾರದ ಕ್ವಿಜ್‌ಗಳು

ಸಾಮಾಜಿಕ ಜಾಲತಾಣದಲ್ಲಿ ತೇಲಿಬರುವ ಏಳೆಂಟು ಪ್ರಶ್ನೆಯ ಕ್ವಿಜ್‌ಗಳನ್ನು ಬಿಟ್ಟುಬಿಡಿ. ಯಾರು ಮಾಡಿದ್ದು ಅಂತ ಇರುವುದಿಲ್ಲ. ಯಾವ ಉತ್ತರಕ್ಕೆ ಯಾವ ಪಕ್ಷ ಅಂತ ವಿವರಣೆಯೂ ಇರುವುದಿಲ್ಲ. ಒಮ್ಮೆ ನಾನು ಇಂಥದ್ದೊಂದನ್ನು ಮಾಡಿದ್ದೆ. ಕೊನೆಯ ಪ್ರಶ್ನೆ ಆದ ಮೇಲೆ, ಫಲಿತಾಂಶ ಬೇಕಾದರೆ ಮೊಬೈಲ್ ನಂಬರ್ ಕೊಡಿ ಅಂತ ಬಂತು. ಅಷ್ಟೊತ್ತು ಕೂತು ಮಾಡಿದ್ದೇನಲ್ಲ ಅಂತ ಕೊಟ್ಟುಬಿಟ್ಟೆ. ಚುನಾವಣೆ ಮುಗಿಯುವವರೆಗೂ ಪ್ರಚಾರದ ಮೆಸೇಜ್ ನಿಲ್ಲಲಿಲ್ಲ. ನನ್ನ ಉತ್ತರಗಳೂ ನನ್ನ ನಂಬರೂ ಒಟ್ಟಿಗೆ ಯಾರದೋ ಕೈಯಲ್ಲಿವೆ ಅನ್ನುವುದು ಮೆಸೇಜ್‌ಗಳಿಗಿಂತ ಜಾಸ್ತಿ ಕಾಡಿತು.

ಕ್ವಿಜ್ ಮೂಲಕ ಮಾಹಿತಿ ಎಳೆಯುವುದು ಎಷ್ಟು ದೂರ ಹೋಗಬಹುದು ಅಂತ 2018ರಲ್ಲಿ ಜಗತ್ತೇ ನೋಡಿತು. ರಾಜಕೀಯ ಪ್ರಚಾರಕ್ಕೆ ಜನರ ಮಾಹಿತಿ ಬಳಸುತ್ತಿದ್ದ ಕೇಂಬ್ರಿಡ್ಜ್ ಅನಲಿಟಿಕಾ ಕಂಪನಿಯ ಪ್ರಕರಣದಲ್ಲಿ, ಫೇಸ್‌ಬುಕ್‌ನಲ್ಲಿ ವ್ಯಕ್ತಿತ್ವ ಪರೀಕ್ಷೆಯ ಆ್ಯಪ್ ಹಾಕಿಕೊಂಡವರು ಸುಮಾರು 2 ಲಕ್ಷ 70 ಸಾವಿರ ಜನ. ಅವರ ಸ್ನೇಹಿತರ ಪಟ್ಟಿ ಹಿಡಿದು ಹೋದ ಮಾಹಿತಿ 8 ಕೋಟಿ 70 ಲಕ್ಷ ಜನರವರೆಗೂ ಮುಟ್ಟಿರಬಹುದು ಅಂತ ಫೇಸ್‌ಬುಕ್ಕೇ ಹೇಳಿತು. ಅದೇ ವರ್ಷ ಜಾರಿಗೆ ಬಂದ ಯುರೋಪಿನ ದತ್ತಾಂಶ ರಕ್ಷಣಾ ಕಾನೂನು ರಾಜಕೀಯ ಅಭಿಪ್ರಾಯವನ್ನು ಆರೋಗ್ಯದ ಮಾಹಿತಿಯ ಸಾಲಿನಲ್ಲೇ ಇಟ್ಟಿದೆ, ವಿಶೇಷ ರಕ್ಷಣೆ ಬೇಕಾದದ್ದು ಅಂತ. ಹೆಸರು, ನಂಬರ್, ಇಮೇಲ್ ಕೊಡದೆ ಫಲಿತಾಂಶ ತೋರಿಸದ ಕ್ವಿಜ್ ನಿಮಗೆ ಬೇಡವೇ ಬೇಡ. ಒಳ್ಳೆಯ ಕ್ವಿಜ್‌ಗೆ ನಿಮ್ಮ ಹೆಸರಿನಿಂದ ಏನೂ ಆಗಬೇಕಿಲ್ಲ.

ಈಚೆಗೆ ಎಐ ಚಾಟ್‌ಬಾಟ್‌ಗೇ "ನಾನು ಯಾರಿಗೆ ಹಾಕಲಿ" ಅಂತ ಕೇಳುವವರೂ ಇದ್ದಾರೆ. ಮಾತಾಡುವ ಹಾಗೆ ಉತ್ತರ ಬರುವುದರಿಂದ ನಂಬಿಕೆ ಹುಟ್ಟಿಬಿಡುತ್ತದೆ. 2025ರ ಅಕ್ಟೋಬರ್‌ನಲ್ಲಿ, ನೆದರ್ಲೆಂಡ್ಸ್‌ನ ಚುನಾವಣೆಗೆ ಮುಂಚೆ, ಅಲ್ಲಿನ ದತ್ತಾಂಶ ರಕ್ಷಣಾ ಪ್ರಾಧಿಕಾರ ಕೆಲವು ಚಾಟ್‌ಬಾಟ್‌ಗಳನ್ನು ಪರೀಕ್ಷಿಸಿತು. ಬಳಸುವವರ ನಿಲುವು ಏನೇ ಇದ್ದರೂ ಅವು ಮತ್ತೆ ಮತ್ತೆ ಎರಡೇ ಪಕ್ಷಗಳ ಕಡೆ ತಳ್ಳುತ್ತಿದ್ದವು. ಮತದ ಸಲಹೆಗೆ ಇವನ್ನು ಬಳಸಬೇಡಿ ಅಂತ ಎಚ್ಚರಿಸಿತು. ಕ್ವಿಜ್‌ನಲ್ಲಿ ಕನಿಷ್ಠ ಲೆಕ್ಕವಾದರೂ ಕಾಣುತ್ತದೆ. ಇಲ್ಲಿ ಅದೂ ಕಾಣುವುದಿಲ್ಲ. ಒಂದು ಕಷ್ಟದ ಪದದ ಅರ್ಥ ಕೇಳಿ, ಸರಿ. ಪಕ್ಷ ಯಾವುದು ಅಂತ ಕೇಳಬೇಡಿ.

ಲೆಕ್ಕ ಹೇಗೆ ಮಾಡುತ್ತಾರೆ: ಒಂದು ಉದಾಹರಣೆ

ಇದನ್ನು ಒಮ್ಮೆ ಕೈಯಿಂದ ಮಾಡಿ ನೋಡಿದರೆ ಶೇಕಡಾವಾರಿನ ಭಯವೇ ಹೋಗುತ್ತದೆ. ಐದು ಹೇಳಿಕೆ, ಎರಡು ಪಕ್ಷ. ಹೆಸರು ಬೇಡ, ಕ ಮತ್ತು ಖ ಅನ್ನೋಣ.

| ಹೇಳಿಕೆ | ನೀವು | ಕ ಪಕ್ಷ | ಖ ಪಕ್ಷ |
|---|---|---|---|
| 1. ನಗರದೊಳಗೆ ಬರುವ ಕಾರುಗಳಿಗೆ ಶುಲ್ಕ ಹಾಕಬೇಕು | ಹೌದು | ಹೌದು | ತಟಸ್ಥ |
| 2. ಸರ್ಕಾರಿ ಶಾಲೆಗಳಿಗೆ ಹಣ ಹೆಚ್ಚಿಸಬೇಕು | ಹೌದು | ಹೌದು | ಹೌದು |
| 3. ಹೊಸ ಅಣು ವಿದ್ಯುತ್ ಸ್ಥಾವರ ಕಟ್ಟಬೇಕು | ಇಲ್ಲ | ಇಲ್ಲ | ತಟಸ್ಥ |
| 4. ಮತದಾನದ ವಯಸ್ಸು 16ಕ್ಕೆ ಇಳಿಸಬೇಕು | ಹೌದು | ಇಲ್ಲ | ಹೌದು |
| 5. ರಕ್ಷಣಾ ವೆಚ್ಚ ಹೆಚ್ಚಿಸಬೇಕು | ಇಲ್ಲ | ಹೌದು | ತಟಸ್ಥ |

ಮೊದಲ ವಿಧಾನದಲ್ಲಿ ಪೂರ್ತಿ ತಾಳೆಯಾದದ್ದನ್ನು ಮಾತ್ರ ಎಣಿಸೋಣ. ಕ ಪಕ್ಷ ಐದರಲ್ಲಿ ಮೂರು, ಶೇ 60. ಖ ಪಕ್ಷ ಐದರಲ್ಲಿ ಎರಡು, ಶೇ 40. ಕ ಮುಂದೆ.

ಎರಡನೇ ವಿಧಾನದಲ್ಲಿ ತಾಳೆಯಾದರೆ 2 ಅಂಕ, ತಟಸ್ಥವಾದರೆ 1, ಎದುರಾದರೆ 0. ವಾಲ್-ಓ-ಮಾಟ್ ಲೆಕ್ಕ ಹೀಗೇ. ಕ ಪಕ್ಷಕ್ಕೆ 10ರಲ್ಲಿ 6, ಶೇ 60. ಖ ಪಕ್ಷಕ್ಕೆ 4 ಮತ್ತು 3 ಸೇರಿ 7, ಶೇ 70. ಈಗ ಖ ಮುಂದೆ. ಐದರಲ್ಲಿ ಮೂರು ಪ್ರಶ್ನೆಗೆ ಏನೂ ಹೇಳದ ಪಕ್ಷ ಗೆದ್ದುಬಿಟ್ಟಿತು. ತಟಸ್ಥರಿಗೆ ಲಾಭ ಅಂದೆನಲ್ಲ, ಅದು ಇದೇ.

ಇನ್ನು "ಈ ವಿಷಯ ನನಗೆ ಮುಖ್ಯ" ಅಂತ ಒತ್ತುವ ಅವಕಾಶ. ಒತ್ತಿದ ಪ್ರಶ್ನೆಗೆ ಎರಡು ಪಟ್ಟು ತೂಕ. ಮೊದಲನೇ ಹೇಳಿಕೆಗೆ ಒತ್ತಿ. ಕ ಪಕ್ಷಕ್ಕೆ 12ರಲ್ಲಿ 8, ಖ ಪಕ್ಷಕ್ಕೂ 12ರಲ್ಲಿ 8. ಇಬ್ಬರೂ ಶೇ 67. ಮೂರನೆಯದಕ್ಕೂ ಒತ್ತಿ. ಕ ಪಕ್ಷ 14ರಲ್ಲಿ 10, ಖ ಪಕ್ಷ 14ರಲ್ಲಿ 9. ಶೇ 71 ಮತ್ತು ಶೇ 64. ಮತ್ತೆ ಕ ಮುಂದೆ ಬಂತು.

ನಿಮ್ಮ ಐದು ಉತ್ತರಗಳಲ್ಲಿ ಒಂದೂ ಬದಲಾಗಿಲ್ಲ. ಇದು ಬರೀ ಕಾಗದದ ಮೇಲಿನ ಆಟ ಅಂದುಕೊಳ್ಳಬೇಡಿ. ಸ್ಟೆಮ್‌ವೈಜರ್ ಬಳಸಿದವರ ಉತ್ತರಗಳನ್ನೇ ಇಟ್ಟುಕೊಂಡು ಸಂಶೋಧಕರು ಬೇರೆ ಬೇರೆ ವಿಧಾನದಲ್ಲಿ ಲೆಕ್ಕ ಹಾಕಿ ನೋಡಿದಾಗ, ವಿಧಾನ ಬದಲಾದಂತೆ ಹೆಚ್ಚಿನವರ ಮೊದಲ ಪಕ್ಷವೇ ಬದಲಾಗುತ್ತಿತ್ತು. ಯಾವ ಹೇಳಿಕೆಗಳನ್ನು ಆರಿಸುತ್ತಾರೆ ಅನ್ನುವುದರ ಮೇಲೆ ಯಾವ ಪಕ್ಷಕ್ಕೆ ಲಾಭ ಅನ್ನುವುದೂ ತಿರುಗಿಬಿಡುತ್ತದೆ ಅಂತ ಬೆಲ್ಜಿಯಂನ ಸಂಶೋಧಕರು ತೋರಿಸಿದ್ದಾರೆ.

ಹಾಗಾಗಿ ಮೊದಲ ಎರಡು ಪಕ್ಷಗಳ ನಡುವೆ ಶೇ ನಾಲ್ಕೈದರಷ್ಟು ಅಂತರ ಇದ್ದರೆ, ಅದನ್ನು ಅಂತರ ಅಂತ ಲೆಕ್ಕಕ್ಕೇ ಇಡಬೇಡಿ. ಎರಡೂ ಸಮ ಅಂದುಕೊಂಡು ಮುಂದೆ ಓದಿ. ಮೊದಲ ಪಕ್ಷ ಶೇ 80, ಕೊನೆಯ ಪಕ್ಷ ಶೇ 25 ಅಂತ ಬಂದರೆ ಅದರಲ್ಲಿ ಅರ್ಥವಿದೆ. ಪಟ್ಟಿಯ ತುದಿಯಲ್ಲಿ ಯಾರು, ತಳದಲ್ಲಿ ಯಾರು ಅಂತ ಕ್ವಿಜ್ ಚೆನ್ನಾಗಿಯೇ ಹೇಳುತ್ತದೆ. ತುದಿಯಲ್ಲಿರುವ ಇಬ್ಬರಲ್ಲಿ ಯಾರು ಮೇಲು ಅಂತ ಹೇಳುವ ಶಕ್ತಿ ಅದಕ್ಕಿಲ್ಲ.

ಪ್ರಶ್ನೆ ನಿಮಗೆ ಅರ್ಥವಾಯಿತೇ?

"ಈಗಿರುವ ನಿಷೇಧವನ್ನು ತೆಗೆಯಬಾರದು." ಇದಕ್ಕೆ "ಒಪ್ಪುವುದಿಲ್ಲ" ಅಂದರೆ ಏನರ್ಥ? ನಿಷೇಧ ಹೋಗಲಿ ಅಂತ. ಎಷ್ಟು ಜನ ಇದನ್ನು ಎರಡು ಸಲ ಓದುತ್ತಾರೆ? "ಕಾರುಗಳಿಗೆ ಶುಲ್ಕ ಹಾಕಬೇಕು" ಅನ್ನುವುದಕ್ಕೆ ಒಬ್ಬರು ಜನರ ಜೇಬಿಗೆ ಹೊರೆ ಅಂತ ಬೇಡ ಅನ್ನಬಹುದು. ಇನ್ನೊಬ್ಬರು ಶುಲ್ಕವೆಲ್ಲ ಸಾಲದು, ಕಾರುಗಳನ್ನು ಪೂರ್ತಿ ನಿಲ್ಲಿಸಿ ಅಂತ ಬೇಡ ಅನ್ನಬಹುದು. ಕ್ವಿಜ್‌ನ ಕಣ್ಣಿಗೆ ಇಬ್ಬರೂ ಒಂದೇ.

ಜನ ಇಂಥ ಪ್ರಶ್ನೆ ಎದುರಾದಾಗ ಏನು ಮಾಡುತ್ತಾರೆ ಅಂತ ಪಕ್ಕದಲ್ಲಿ ಕೂತು ಗಮನಿಸಿದ ಅಧ್ಯಯನಗಳಿವೆ. ಅರ್ಥವಾಗದಿದ್ದಾಗ ಹುಡುಕಿ ತಿಳಿದುಕೊಳ್ಳುವವರು ಕಡಿಮೆ. ಊಹೆ ಮಾಡಿ ಉತ್ತರಿಸುತ್ತಾರೆ, ಇಲ್ಲವೇ ನಡುವಿನ ಆಯ್ಕೆ ಒತ್ತಿ ಮುಂದೆ ಹೋಗುತ್ತಾರೆ. ನನ್ನ ಅಕ್ಕನ ಮಗಳೂ ಹಾಗೇ ಮಾಡಿದ್ದಳು. ಪಿಂಚಣಿ ನಿಧಿಯ ಬಗ್ಗೆ ಒಂದು ಪ್ರಶ್ನೆಗೆ "ತಟಸ್ಥ" ಅಂತ ಒತ್ತಿದ್ದಳು. "ತಟಸ್ಥಾನಾ, ಗೊತ್ತಿಲ್ವಾ?" ಅಂತ ಕೇಳಿದೆ. "ಗೊತ್ತಿಲ್ಲ" ಅಂದಳು. ಹಾಗಿದ್ದರೆ ಬಿಟ್ಟುಬಿಡಬೇಕಿತ್ತು. ಬಿಟ್ಟ ಪ್ರಶ್ನೆ ಸಾಮಾನ್ಯವಾಗಿ ಲೆಕ್ಕಕ್ಕೇ ಬರುವುದಿಲ್ಲ. ತಟಸ್ಥ ಅಂತ ಒತ್ತಿದರೆ ಅದೂ ಒಂದು ಅಭಿಪ್ರಾಯ ಅಂತ ಎಣಿಸಿ, ತಟಸ್ಥ ಅಂದ ಪಕ್ಷಕ್ಕೆ ಪೂರ್ತಿ ಅಂಕ ಹೋಗುತ್ತದೆ.

ಹಾಗಾದರೆ ಯಾವುದನ್ನು ಆರಿಸಲಿ?

ಪಕ್ಷಗಳ ಪರಿಚಯವೇ ಇಲ್ಲದ ಹೊಸ ಮತದಾರರಿಗೆ ನಾನು ಕೊಡುವುದು ಪಕ್ಷಗಳೇ ಉತ್ತರಿಸಿದ, ಕಾರಣವನ್ನೂ ಬರೆದಿರುವ ಕ್ವಿಜ್. ಓದಲು ಸುಲಭ, ಮೂಲ ಮಾತು ಕೈಗೆ ಸಿಗುತ್ತದೆ. ರಾಜಕೀಯ ತಕ್ಕಮಟ್ಟಿಗೆ ಗೊತ್ತಿದ್ದು, ಪಕ್ಷಗಳ ಮಾತಿನ ಮೇಲೆ ನಂಬಿಕೆ ಕಡಿಮೆ ಇರುವವರಿಗೆ ಸಂಶೋಧಕರು ಪುರಾವೆ ಸಮೇತ ಮಾಡಿದ್ದು ಒಳ್ಳೆಯದು. ಪ್ರತಿ ನಿಲುವಿನ ಪಕ್ಕ ಅದು ಎಲ್ಲಿಂದ ಬಂತು ಅನ್ನುವ ಸಾಲು ಇರಬೇಕು. ವ್ಯಕ್ತಿ ನೋಡಿ ಮತ ಹಾಕುವ ಚುನಾವಣೆಯಾದರೆ ಅಭ್ಯರ್ಥಿಗಳ ಕ್ವಿಜ್. ಎರಡು ಪಕ್ಷಗಳ ನಡುವೆ ತೂಗಾಡುತ್ತಿದ್ದು, ಎರಡೂ ಹಿಂದೆ ಸದನದಲ್ಲಿ ಇದ್ದವಾದರೆ, ಹಳೆಯ ಮತಗಳ ದಾಖಲೆಯ ಮುಂದೆ ಬೇರೆ ಯಾವುದೂ ನಿಲ್ಲುವುದಿಲ್ಲ.

ನಿಮ್ಮ ಚುನಾವಣೆಗೆ ಇಂಥ ಒಳ್ಳೆಯ ಕ್ವಿಜ್ ಇಲ್ಲದಿದ್ದರೆ? ಬೇರೆಯವರು ಮಾಡಿದ ಅರೆಬರೆ ಕ್ವಿಜ್‌ಗಿಂತ ನೀವೇ ಒಂದು ಮಾಡಿಕೊಳ್ಳುವುದು ಲೇಸು. ಮೇಲಿನಂಥ ಪಟ್ಟಿ ಸಾಕು. ನಿಮಗೆ ಮುಖ್ಯವಾದ ಎಂಟು ವಿಷಯ ಬರೆಯಿರಿ, ಮೊದಲು ನಿಮ್ಮ ಉತ್ತರ ಬರೆಯಿರಿ, ಆಮೇಲೆ ಪ್ರಣಾಳಿಕೆ ತೆರೆದು ಪಕ್ಷಗಳದ್ದು ತುಂಬಿಸಿ. ಈ ಕ್ರಮ ತಿರುಗಿಸಬೇಡಿ. ಪಕ್ಷದ ಉತ್ತರ ಮೊದಲು ನೋಡಿದರೆ ನಮ್ಮ ಉತ್ತರ ಅದರ ಕಡೆ ವಾಲಿಬಿಡುತ್ತದೆ. ಯಾವ ಪಕ್ಷದ ಪ್ರಣಾಳಿಕೆಯಲ್ಲೂ ನಿಮ್ಮ ವಿಷಯದ ಬಗ್ಗೆ ಒಂದು ಸಾಲೂ ಸಿಗದಿದ್ದರೆ, ಆ ಖಾಲಿ ಜಾಗವನ್ನೂ ಹಾಗೇ ಬಿಡಿ. ಮನೆ ಬಾಗಿಲಿಗೆ ಮತ ಕೇಳಲು ಬಂದವರನ್ನು ಅದರ ಬಗ್ಗೆಯೇ ಕೇಳಬಹುದು.

ಯಾವ ಕ್ವಿಜ್ಜೂ ಅಳೆಯದ ಸಂಗತಿಗಳೂ ಇವೆ. ಅಭ್ಯರ್ಥಿಯ ಮೇಲೆ ಎಂಥ ಮೊಕದ್ದಮೆಗಳಿವೆ, ಹಿಂದೆ ಕೊಟ್ಟ ಮಾತು ಉಳಿಸಿಕೊಂಡರೇ, ಗೆದ್ದರೆ ಯಾರ ಜೊತೆ ಸೇರಿ ಸರ್ಕಾರ ಮಾಡುತ್ತಾರೆ, ಕಷ್ಟ ಹೇಳಿಕೊಂಡು ಹೋದರೆ ಸಿಗುತ್ತಾರಾ. ಇವುಗಳಿಗೆ "ಹೌದು-ಇಲ್ಲ" ಗುಂಡಿ ಇಲ್ಲ. ನೂರಕ್ಕೆ ತೊಂಬತ್ತು ಹೊಂದುವ ಪಕ್ಷದವರು ನಂಬಿಕೆಗೆ ಅರ್ಹರಲ್ಲ ಅಂತ ನಿಮಗೆ ಅನ್ನಿಸಿದರೆ, ಆ ಅನ್ನಿಸಿಕೆಗೆ ತೂಕ ಕೊಡಿ. ಯಾಕೆ ಹಾಗನ್ನಿಸಿತು ಅಂತ ಮಾತ್ರ ನಿಮಗೆ ನೀವೇ ಹೇಳಿಕೊಳ್ಳಲು ಬರಬೇಕು.

ಅಕ್ಕನ ಮಗಳು ಮೊನ್ನೆ ಮತ್ತೆ ಕೂತಳು, ಈ ಸಲ ಒಂದು ಗಂಟೆ. ಗೊತ್ತಿಲ್ಲದ ಪ್ರಶ್ನೆಗಳನ್ನು ಬಿಡುತ್ತಾ ಹೋದಳು. ಒಟ್ಟು ಏಳು ಆದವು. ಏಳನ್ನೂ ಒಂದು ಹಾಳೆಯಲ್ಲಿ ಬರೆದುಕೊಂಡಿದ್ದಾಳೆ. ಪಿಂಚಣಿಯದ್ದು ಪಟ್ಟಿಯಲ್ಲಿ ಮೊದಲನೆಯದು. ನಿನ್ನೆ ಅವಳ ಅಪ್ಪನ ಪಕ್ಕ ಕೂತು, "ನಿಮ್ಮ ಸಂಬಳದಿಂದ ಅದಕ್ಕೆ ಎಷ್ಟು ಹೋಗುತ್ತೆ, ಆಮೇಲೆ ಎಷ್ಟು ಬರುತ್ತೆ ಅಪ್ಪ?" ಅಂತ ಕೇಳುತ್ತಿದ್ದಳು. ಉಳಿದ ಆರು ಪ್ರಶ್ನೆಗೆ ಮತದಾನದ ದಿನದವರೆಗೂ ಸಮಯವಿದೆ.